ಉಕ್ಕಿನ ಕಿಟ್ಟದಲ್ಲಿ ಇಂಗಾಲದ ಡೈಆಕ್ಸೈಡನ್ನು ಹಿಡಿದಿಡಬಹುದೇ?

ಹಿಡಿದಿಡಬಹುದು, ಆದರೆ ಯಾವ ಕಿಟ್ಟ (ಲೋಹ ಕರಗಿಸುವಾಗ ಉಳಿಯುವ ಕಸ, ಸ್ಲ್ಯಾಗ್) ಎಂಬುದು ಮುಖ್ಯ. ಅದಿರಿನಿಂದ ಕಬ್ಬಿಣ ತೆಗೆಯುವ ಊದುಕುಲುಮೆಯ ಕಿಟ್ಟ ಸಿಮೆಂಟಿಗೆ ಹೋಗುತ್ತದೆ, ಅದನ್ನು ಅಲ್ಲಿಗೇ ಬಿಡುವುದು ಒಳ್ಳೆಯದು. ತೋರಣಗಲ್ಲಿನಂಥ ಉಕ್ಕಿನ ಕಾರ್ಖಾನೆಗಳಲ್ಲಿ ಕಬ್ಬಿಣವನ್ನು ಉಕ್ಕಾಗಿಸುವಾಗ ಉಳಿಯುವ ಎಲ್‌ಡಿ ಕಿಟ್ಟದಲ್ಲಿ ಸಾಮಾನ್ಯವಾಗಿ ಶೇ. 40–50 ಕ್ಯಾಲ್ಸಿಯಂ ಆಕ್ಸೈಡ್, ಅಂದರೆ ಸುಣ್ಣ, ಇರುತ್ತದೆ. ಅದು ನೀರಿನಲ್ಲಿ ಕರಗಿ, ಅನಿಲದೊಂದಿಗೆ ಸೇರಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ. ಸುಣ್ಣದ ಕಲ್ಲೂ ಇದೇ. ಸುಮಾರು 850 ಡಿಗ್ರಿಗೆ ಕಾಯಿಸದ ಹೊರತು, ಆಮ್ಲ ತಾಗದ ಹೊರತು, ಅನಿಲ ಮರಳಿ ಹೊರಬರುವುದಿಲ್ಲ.

1 ಕೆಜಿ ಕ್ಯಾಲ್ಸಿಯಂ ಆಕ್ಸೈಡ್ ಹೆಚ್ಚೆಂದರೆ 0.785 ಕೆಜಿ ಅನಿಲ ಹಿಡಿಯುತ್ತದೆ. ಅಂದರೆ ಟನ್ ಕಿಟ್ಟಕ್ಕೆ ಸುಮಾರು 310–390 ಕೆಜಿ. ಇದು ಕಾಗದದ ಲೆಕ್ಕ. ಕಣದ ಮೇಲೆ ಮೊದಲು ಕೂರುವ ಕಾರ್ಬೊನೇಟ್ ಪದರವೇ ಒಳಗಿನ ಸುಣ್ಣಕ್ಕೆ ಮುಚ್ಚಳವಾಗುವುದರಿಂದ ದೊಡ್ಡ ತುಂಡುಗಳಲ್ಲಿ ಕ್ರಿಯೆ ಬೇಗ ನಿಲ್ಲುತ್ತದೆ. 0.1 ಮಿಮೀಗಿಂತ ಸಣ್ಣದಾಗಿ ಅರೆದರೆ ಫಲ ಹೆಚ್ಚು, ವಿದ್ಯುತ್ ಖರ್ಚೂ ಹೆಚ್ಚು. ಆ ವಿದ್ಯುತ್ತಿನ ಹೊಗೆಯನ್ನು ಲೆಕ್ಕದಿಂದ ಕಳೆಯಲೇಬೇಕು. ತೇವವೂ ಹದವಾಗಿರಬೇಕು: ಒಣಗಿದರೆ ಸುಣ್ಣ ಕರಗದು, ನೀರು ನಿಂತರೆ ಅನಿಲ ಒಳಹೋಗದು.

ಬಯಲ ಗಾಳಿಯಲ್ಲಿ ಈ ಅನಿಲ ಬರೀ ಶೇ. 0.04. ರಾಶಿಯನ್ನು ತೆಳ್ಳಗೆ ಹರಡಿ, ತಿರುವುತ್ತಾ ತಿಂಗಳುಗಟ್ಟಲೆ ಕಾಯಬೇಕು. ತಣಿಸಿದ ಚಿಮಣಿ ಹೊಗೆ ಹಾಯಿಸಿದರೆ ಗಂಟೆಗಳ ಕೆಲಸ. ರಾಶಿಯಿಂದ ಜಿನುಗುವ ನೀರಿನ ಪಿಎಚ್ 12 ದಾಟಬಹುದು, ಅಂದರೆ ಅದು ತೀವ್ರ ಕ್ಷಾರ. ಅದನ್ನು ಹಳ್ಳಕ್ಕೆ ಬಿಡಬಾರದು, ಅದರಲ್ಲಿ ಕ್ರೋಮಿಯಂ ಮತ್ತು ವನಾಡಿಯಂ ಲೋಹಗಳ ಪರೀಕ್ಷೆ ಆಗಲೇಬೇಕು.

ಈ ಸುಣ್ಣ ಬಂದದ್ದೇ ಸುಣ್ಣದ ಕಲ್ಲು ಸುಟ್ಟು. ಹಾಗಾಗಿ ಕಿಟ್ಟ ಹೀರುವುದು ಬಹುಪಾಲು ಆಗ ಬಿಟ್ಟ ಅನಿಲದ ಒಂದು ಭಾಗವನ್ನೇ. ಉಕ್ಕಿನ ಕಲ್ಲಿದ್ದಲ ಹೊಗೆಗೆ ಇದು ಪರಿಹಾರವಲ್ಲ.