ಬೀಟ್ ಪೊಲೀಸರಿಗೆ ಏನು ಕೆಲಸ?

ಕರಾವಳಿಯ ಬಂದರು ಊರಿನಿಂದ ನಿವೃತ್ತ ಮಾಸ್ಟ್ರೊಬ್ಬರು ಪತ್ರ ಬರೆದಿದ್ದಾರೆ. ಹೆಸರು, ಊರು ಹಾಕಬೇಡಿ ಎಂದಿದ್ದಾರೆ. ಪತ್ರದ ಸಾರ ಇಷ್ಟು: 'ನಮ್ಮ ಬೀದಿಗೂ ಗಸ್ತಿಗೆಂದು ಒಬ್ಬರು ಬೀಟ್ ಪೊಲೀಸ್ ಇದ್ದಾರೆ. ಬೈಕಲ್ಲಿ ಬರುತ್ತಾರೆ, ಬಂದುಹೋದ ಗುರುತಿಗೆ ಪಾಯಿಂಟ್ ಪುಸ್ತಕಕ್ಕೆ ಸಹಿ ಹಾಕುತ್ತಾರೆ, ಹೋಟೆಲಲ್ಲಿ ಚಾ ಕುಡಿದು ಹೋಗುತ್ತಾರೆ. ಕೆಲವು ಸಲ ತಿಂಗಳುಗಟ್ಟಲೆ ಕಾಣುವುದೇ ಇಲ್ಲ. ಸಮುದ್ರಕ್ಕೆ ಬೇರೆ ಪೊಲೀಸರಿದ್ದಾರೆ, ತುರ್ತಿಗೆ 112 ಇದೆ. ಹಾಗಾದರೆ ಇವರಿಗೆ ಏನು ಕೆಲಸ?'

ಮಾಸ್ಟ್ರೇ, ನಮಸ್ಕಾರ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಚಾ ಕುಡಿಯೋದನ್ನೂ ದೂರಿಗೆ ಸೇರಿಸಿದ್ದೀರಲ್ಲ, ಅದನ್ನು ನಾನು ಒಪ್ಪೋದಿಲ್ಲ. ಬೀಟಿನ ಅರ್ಧ ಕೆಲಸ ಆಗೋದೇ ಆ ಹೋಟೆಲಿನ ಬೆಂಚಿನ ಮೇಲೆ. ಯಾರ ಮನೆಗೆ ಬೀಗ ಬಿದ್ದಿದೆ, ಯಾವ ಬೋಟಿನಲ್ಲಿ ಪಾಲಿನ ಲೆಕ್ಕಕ್ಕೆ ಜಗಳ ಎದ್ದಿದೆ, ಯಾವ ಹುಡುಗ ಕಾಲೇಜಿಗೆ ಹೋಗದೆ ಐಸ್ ಪ್ಲಾಂಟಿನ ಹಿಂದೆ ಕೂತಿರುತ್ತಾನೆ, ಇದ್ಯಾವುದೂ ಠಾಣೆಗೆ ಅರ್ಜಿಯಾಗಿ ಬರೋದಿಲ್ಲ. ಮಾತಿನ ನಡುವೆ ಬರುತ್ತೆ. ಅದನ್ನು ಕೇಳಿಸಿಕೊಳ್ಳೋಕೆ ಒಬ್ಬರು ಅಲ್ಲಿ ಕೂತಿರಬೇಕು, ಅಷ್ಟೇ ಅಲ್ಲ, ಅವರು ಎಲ್ಲರಿಗೂ ಗುರುತಿನವರಾಗಿರಬೇಕು.

ನಿಮ್ಮ ಊರಿನ ಹೆಸರು ಬೇಡ ಅಂದಿದ್ದೀರಿ, ಹಾಗಾಗಿ ಉಡುಪಿಯ ಮಲ್ಪೆಯನ್ನೇ ನೋಡೋಣ. ಬೆಳಕು ಹರಿಯೋ ಮುಂಚೆಯೇ ಬಂದರಿನಲ್ಲಿ ಮೀನು ಇಳಿಸೋ ಗಡಿಬಿಡಿ. ಹರಾಜು ಕೂಗುವವರು, ಬುಟ್ಟಿ ಹೊರುವವರು, ಐಸ್ ತುಂಬುವವರು, ಸಾಲಾಗಿ ನಿಂತ ಲಾರಿಗಳು. ದುಡಿಯೋರಲ್ಲಿ ಉತ್ತರ ಕರ್ನಾಟಕದವರು, ಆಂಧ್ರ, ಒಡಿಶಾ, ಜಾರ್ಖಂಡ್‌ನವರು ಎಷ್ಟೋ ಜನ. 2025ರ ಮಾರ್ಚ್‌ನಲ್ಲಿ ಇದೇ ಬಂದರಿನಲ್ಲಿ ಮೀನು ಕದ್ದಳು ಅನ್ನೋ ಆರೋಪ ಹೊರಿಸಿ, ಹೊರ ಜಿಲ್ಲೆಯಿಂದ ದುಡಿಯಲು ಬಂದ ಹೆಂಗಸನ್ನು ಮರಕ್ಕೆ ಕಟ್ಟಿ ಹೊಡೆದರು. ವಿಡಿಯೋ ಹರಿದಾಡಿತು, ಕೇಸಾಯಿತು, ಬಂಧನವೂ ಆಯಿತು. ಇಂಥ ಹೊತ್ತಲ್ಲಿ ಸುತ್ತ ನಿಂತ ಗುಂಪಿನಲ್ಲಿ ಹತ್ತಾರು ಮಂದಿಯ ಫೋನಲ್ಲಿ ಬೀಟ್ ಪೊಲೀಸರ ನಂಬರ್ ಇರಬೇಕು. ವಿಡಿಯೋ ಮಾಡೋ ಬದಲು ಅದನ್ನು ಒತ್ತುವಷ್ಟು ಸಲಿಗೆಯೂ ಇರಬೇಕು.

ಸಮುದ್ರಕ್ಕೆ ಬೇರೆ ಪೊಲೀಸರಿದ್ದಾರೆ ಅನ್ನೋದು ನಿಜ. ಕರಾವಳಿ ಕಾವಲು ಪೊಲೀಸರ ಮುಖ್ಯ ಕಚೇರಿ ಮಲ್ಪೆಯಲ್ಲೇ ಇದೆ. ಮಂಗಳೂರಿನಿಂದ ಕಾರವಾರದವರೆಗೆ 9 ಠಾಣೆ, ಸಹಾಯವಾಣಿ 1093. ಬೋಟಿನ ಕಾಗದಪತ್ರ, ನೀರಿನ ಮೇಲಿನ ಗಸ್ತು ಅವರದ್ದು. ಆದರೆ ನೀರಿನ ಮೇಲೆ ಏನೇ ಆದರೂ ಅದರ ಸಂಕಟ ಬಂದು ಮುಟ್ಟೋದು ದಡದ ಮನೆಗಳಿಗೇ ಅಲ್ವಾ? 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ ಹೊರಟ 'ಸುವರ್ಣ ತ್ರಿಭುಜ' ಬೋಟು 7 ಮೀನುಗಾರರ ಸಮೇತ ಕಾಣೆಯಾಯಿತು. ಅವಶೇಷ ಸಿಕ್ಕಿದ್ದು ಮರುವರ್ಷದ ಮೇನಲ್ಲಿ, ಮಹಾರಾಷ್ಟ್ರದ ಮಾಲ್ವಣ್ ಕಡೆಯ ಸಮುದ್ರದಲ್ಲಿ. ಹುಡುಕಿದ್ದು ನೌಕಾಪಡೆ. ಆದರೆ ಇಂಥ ತಿಂಗಳುಗಳಲ್ಲಿ ಮನೆಯವರು 'ಏನಾದ್ರೂ ಸುದ್ದಿ ಬಂತಾ ಸಾರ್' ಅಂತ ಕೇಳೋಕೆ ನೌಕಾಪಡೆಯ ಹತ್ತಿರ ಹೋಗೋಕಾಗುತ್ತಾ? ಅವರು ಕೇಳೋದು ರಸ್ತೆಯಲ್ಲಿ ಎದುರಾದ ಪೊಲೀಸರನ್ನು.

ಇನ್ನೊಂದು ಕೆಲಸವಿದೆ. ಅದು ನಿಮ್ಮ ಕಣ್ಣಿಗೆ ಬೀಳೋದಿಲ್ಲ. ಬಂದರಿನಲ್ಲಿ ಬೋಟುಗಳು ಒಂದಕ್ಕೊಂದು ತಾಗಿಕೊಂಡು ನಿಂತಿರುತ್ತವೆ. ರಾತ್ರಿ ಬೋಟಿನಿಂದ ಬೋಟಿಗೆ ದಾಟುವಾಗ ಕಾಲು ಜಾರಿ ಬೀಳೋದು ಹೊಸತಲ್ಲ. ಶಿರೂರು ಗುಡ್ಡ ಕುಸಿದಾಗ ಹುಡುಕಾಟಕ್ಕೆ ಹೋಗಿದ್ದ ಈಶ್ವರ್ ಮಲ್ಪೆಯವರಂಥವರು ನೀರಿಗಿಳಿದು ಶವ ಮೇಲೆ ತರುತ್ತಾರೆ. ಅವರ ಸೇವೆ ದೊಡ್ಡದು, ಊರಿಗೂ ಗೊತ್ತು. ಶವ ಮೇಲೆ ಬಂದ ನಂತರದ ಕೆಲಸ ಮಾತ್ರ ಪೊಲೀಸರದ್ದು. ಅಸಹಜ ಸಾವಿನ ಪ್ರಕರಣ ದಾಖಲಾಗಬೇಕು, ಪಂಚನಾಮೆ ಆಗಬೇಕು. ಅಂಗಿಯ ಬಣ್ಣ, ಸೊಂಟದ ನೂಲು, ಕೈ ಮೇಲಿನ ಹಚ್ಚೆ, ಒಂದೊಂದನ್ನೂ ನೋಡಿ ಬರೆಯಬೇಕು. ಜೇಬಿನ ಫೋನು ಉಪ್ಪುನೀರು ಕುಡಿದಿರುತ್ತೆ. ಸಿಮ್ ತೆಗೆದು ಒರೆಸಿ ಬೇರೆ ಫೋನಿಗೆ ಹಾಕಿ ನೋಡಬೇಕು. ಕೊನೆಗೆ ಒಡಿಶಾದ ಯಾವುದೋ ಹಳ್ಳಿಯಲ್ಲಿ ಯಾರೋ ಫೋನ್ ಎತ್ತುತ್ತಾರೆ. ಅವರ ಭಾಷೆ ಇವರಿಗೆ ಬರೋದಿಲ್ಲ, ಇವರದ್ದು ಅವರಿಗೆ. ಜೊತೆಯ ಹುಡುಗನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಆ ಸುದ್ದಿ ಹೇಳಿಸಬೇಕು. ಸಂಬಂಧಿಕರು ಬರೋವರೆಗೆ ಶವಾಗಾರದ ಓಡಾಟವೂ ಇವರದ್ದೇ. ಬೀಟಿನವರಿಗೆ ಆ ಬೋಟಿನ ಹುಡುಗರ ಮೊದಲೇ ಪರಿಚಯವಿದ್ದರೆ ಗಂಟೆಗಳಲ್ಲಿ ಗುರುತು ಸಿಗುತ್ತೆ. ಇಲ್ಲದಿದ್ದರೆ ಆ ಶವ ಅನಾಥವಾಗಿ ದಿನಗಟ್ಟಲೆ ಮಲಗಿರುತ್ತೆ.

ಬೀಚಿನ ವಿಷಯ ನಿಮಗೆ ಗೊತ್ತೇ ಇದೆ. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರದಲ್ಲಿ ಪ್ರವಾಸಕ್ಕೆ ಬಂದ ಮುಳಬಾಗಿಲು ಕಡೆಯ ನಾಲ್ವರು ಶಾಲಾ ಬಾಲಕಿಯರು ಸಮುದ್ರಪಾಲಾದರು. ಮಳೆಗಾಲ ಮುಗಿದು ತಿಂಗಳುಗಳಾದ ಮೇಲೆ ಆದದ್ದು ಅದು. ಸಮುದ್ರ ನೋಡಿಯೇ ಇರದ ಮಕ್ಕಳಿಗೆ 'ಇಲ್ಲಿ ಇಳೀಬೇಡಿ' ಅಂತ ಬೋರ್ಡು ಹೇಳಿದರೆ ಸಾಲದು, ಖಾಕಿ ಹಾಕಿದವರೊಬ್ಬರು ಬಾಯಿಬಿಟ್ಟು ಹೇಳಬೇಕು.

ಬೀಚಿನಲ್ಲಿ ಹುಡುಗ ಹುಡುಗಿ ಕೂತು ಮಾತಾಡಿದರೆ ಸುತ್ತುಗಟ್ಟಿ ಹೆಸರು ಕೇಳುವ, ಧರ್ಮ ಕೇಳುವ ಕಾಯಿಲೆ ನಮ್ಮ ಕರಾವಳಿಗಿದೆ. ಇದನ್ನು ಮುಚ್ಚಿಡೋದರಲ್ಲಿ ಅರ್ಥವಿಲ್ಲ. ಕೋಮು ಗಲಭೆ ತಡೆಯೋಕೆ 2025ರ ಜೂನ್‌ನಲ್ಲಿ ಸರ್ಕಾರ ವಿಶೇಷ ಕಾರ್ಯಪಡೆ ಮಾಡಿತು. ಬೇಕಾದದ್ದೇ. ಆದರೆ ಆ ಗುಂಪಿನ ಹುಡುಗರನ್ನು ಹೆಸರು ಹಿಡಿದು ಕರೆದು 'ಅಪ್ಪನಿಗೆ ಫೋನ್ ಮಾಡ್ಲಾ?' ಅಂತ ಕೇಳಬಲ್ಲವರು ಬೀಟಿನವರೇ. ದೂರದಿಂದ ವ್ಯಾನಲ್ಲಿ ಬಂದವರಿಗೆ ಅದು ಸಾಧ್ಯವಿಲ್ಲ. ಅದೇ ಹೊತ್ತಿಗೆ, ಪರಿಚಯ ಅಂದರೆ ಯಾರ ಮನೆಗೆ ಯಾರು ಬಂದರು ಅಂತ ಇಣುಕೋದಲ್ಲ. ಆ ಗೆರೆ ದಾಟಿದ ದಿನ ಜನ ಬಾಯಿ ಮುಚ್ಚಿಕೊಳ್ಳುತ್ತಾರೆ.

ಇನ್ನು 'ತಿಂಗಳುಗಟ್ಟಲೆ ಕಾಣೋದಿಲ್ಲ' ಅನ್ನೋ ನಿಮ್ಮ ದೂರು. ಅದರಲ್ಲಿ ನಾನು ಪೂರ್ತಿ ನಿಮ್ಮ ಕಡೆ. 2017ರಲ್ಲಿ ರಾಜ್ಯದಲ್ಲಿ ಹೊಸ ಬೀಟ್ ವ್ಯವಸ್ಥೆ ತಂದಾಗ, ಒಂದು ಜಾಗಕ್ಕೆ ಒಬ್ಬರೇ ಹೊಣೆ, ಜೊತೆಗೆ ಊರವರ ಸಮಿತಿ ಅಂದರು. 2025ರ ಜುಲೈನಲ್ಲಿ, ಪೊಲೀಸರೇ ಮನೆ ಬಾಗಿಲಿಗೆ ಹೋಗಿ ಮಾತಾಡಿಸೋ 'ಮನೆ ಮನೆಗೆ ಪೊಲೀಸ್' ಬಂತು. ಎರಡೂ ಒಳ್ಳೆಯವೇ. ಆದರೆ ಜಾತ್ರೆಗೆ ಬಂದೋಬಸ್ತ್, ಉಡುಪಿ ಮಠದ ಪರ್ಯಾಯೋತ್ಸವಕ್ಕೆ ಬಂದೋಬಸ್ತ್, ಮಂತ್ರಿ ಬಂದರೆ ಬಂದೋಬಸ್ತ್, ಚುನಾವಣೆಗಂತೂ ಕೇಳೋದೇ ಬೇಡ. ಪ್ರತಿ ಸಲವೂ ಮೊದಲು ಖಾಲಿಯಾಗೋದು ಬೀಟ್. ಜೊತೆಗೆ ಸಮನ್ಸ್ ಜಾರಿ, ಪಾಸ್‌ಪೋರ್ಟ್ ವಿಚಾರಣೆ, ಕೋರ್ಟಿನ ಓಡಾಟ. ನಮ್ಮ ಕಡೆ ಮನೆಗೊಬ್ಬರು ಗಲ್ಫಿನಲ್ಲೋ ಮುಂಬೈಯಲ್ಲೋ ಇರುವಾಗ ಪಾಸ್‌ಪೋರ್ಟ್ ಕೆಲಸವೂ ಜಾಸ್ತಿ. ತಡೆದ ಜಗಳಕ್ಕೆ ಕೇಸ್ ನಂಬರ್ ಇರೋದಿಲ್ಲ, ಹಾಗಾಗಿ ಮೇಲಿನವರ ಲೆಕ್ಕದಲ್ಲಿ ಬೀಟಿನ ಕೆಲಸ ಕೆಲಸವೇ ಅಲ್ಲ ಅನ್ನೋ ಹಾಗಾಗಿದೆ. ಒಬ್ಬರಿಗೆ ಬೀದಿ ಪರಿಚಯ ಆಗೋ ಹೊತ್ತಿಗೆ ಬೀಟೇ ಬದಲಾಗುತ್ತೆ. ಮಾಸ್ಟ್ರೇ, ನಿಮ್ಮ ಸಿಟ್ಟನ್ನು ಬೈಕಲ್ಲಿ ಬರೋ ಆ ಪೊಲೀಸರ ಮೇಲೆ ಹಾಕಬೇಡಿ. ಬಂದೋಬಸ್ತಿಗೆ ಬೀಟಿನವರನ್ನು ಕೊನೆಗೆ ಕರೀಬೇಕು, ಕನಿಷ್ಠ ಎರಡು ಮೂರು ವರ್ಷ ಅದೇ ಬೀಟಿನಲ್ಲಿ ಬಿಡಬೇಕು ಅಂತ ಜಿಲ್ಲೆಯ ಎಸ್‌ಪಿಯವರಿಗೆ ಬರೆಯಿರಿ. ನಿಮ್ಮ ಪತ್ರದ ಪ್ರತಿ ನಮಗೂ ಕಳಿಸಿ, ಖಂಡಿತ ಅಚ್ಚು ಹಾಕುತ್ತೇವೆ.

ಅಷ್ಟರಲ್ಲಿ ಮುಂದಿನ ಸಲ ಅವರು ಸಹಿ ಹಾಕೋಕೆ ಬಂದಾಗ ನಿಲ್ಲಿಸಿ ಮಾತಾಡಿಸಿ. ಹೆಸರು, ನಂಬರ್ ತಗೊಳ್ಳಿ. ಮಕ್ಕಳು ಪರವೂರಲ್ಲಿದ್ದು ವಯಸ್ಸಾದವರು ಒಬ್ಬರೇ ಇರುವ ಮನೆ ನಿಮ್ಮ ಬೀದಿಯಲ್ಲಿ ಎಷ್ಟಿವೆ ಅಂತ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆ ಮನೆಯವರನ್ನು ಒಂದು ಮಾತು ಕೇಳಿಕೊಂಡು, ಪಟ್ಟಿ ಮಾಡಿ ಬೀಟ್ ಪೊಲೀಸರ ಕೈಗೆ ಕೊಡಿ.

– ಸಂಪಾದಕ