ಮಹಡಿ ಮೇಲೆ ವೈಫೈ ಬರಲ್ಲ, ಆಕ್ಸೆಸ್ ಪಾಯಿಂಟ್ ಹಾಕ್ಲಾ?

ಪ್ರಶ್ನೆ: ನಮ್ದು ಎರಡಂತಸ್ತಿನ ಮನೆ ಸರ್. ರೂಟರ್ ಕೆಳಗೆ ಹಾಲ್ ಮೂಲೇಲಿ ಟಿವಿ ಹಿಂದೆ ಇದೆ. ಮಹಡಿ ರೂಮಲ್ಲಿ ಕೂತು ಆಫೀಸ್ ಕಾಲ್ ತಗೊಂಡ್ರೆ ವಿಡಿಯೋ ನಿಂತು ನಿಂತು ಬರತ್ತೆ. ಒಂದು ರಿಪೀಟರ್ ತಂದು ಹಾಕಿದೆ, ಫೋನಲ್ಲಿ ಕಡ್ಡಿ ಫುಲ್ ಇರತ್ತೆ, ಸ್ಪೀಡ್ ಮಾತ್ರ ಇಲ್ಲ. ಈಗ ಎಲ್ರೂ ಆಕ್ಸೆಸ್ ಪಾಯಿಂಟ್ ಹಾಕಿಸು ಅಂತಿದಾರೆ. ಎಂಥದ್ದು ತಗೋಬೇಕು, ಸೆಟಪ್ ಹೇಗೆ? ಮನೇಲಿ ಹಳೇ ರೂಟರ್ ಒಂದು ಸುಮ್ನೆ ಬಿದ್ದಿದೆ, ಅದು ಕೆಲಸಕ್ಕೆ ಬರತ್ತಾ?

ಉತ್ತರ: ಹಳೇದು ಕೆಲಸಕ್ಕೆ ಬರತ್ತೆ, ಅದಕ್ಕೆ ಆಮೇಲೆ ಬರ್ತೀನಿ. ಮೊದ್ಲು ರಿಪೀಟರ್ ಯಾಕೆ ಕೈಕೊಡ್ತು ಅಂತ ನೋಡಿ. ನಿಮಗೆ ಕಾಣ್ತಿರೋ ಕಡ್ಡಿ ಫೋನ್‌ಗೂ ರಿಪೀಟರ್‌ಗೂ ನಡುವಿನದು, ಆದ್ರೆ ರಿಪೀಟರ್ ಕೆಳಗಿನ ರೂಟರನ್ನ ಹಿಡ್ಕೊಂಡಿರೋದು ಅದೇ ಕಾಂಕ್ರೀಟ್ ದಾಟಿ ಬಂದಿರೋ ಬಡಕಲು ಸಿಗ್ನಲ್‌ನಿಂದ, ಸಾಲದ್ದಕ್ಕೆ ಒಂದೇ ರೇಡಿಯೋದಲ್ಲಿ ಕೇಳಿಸ್ಕೊಂಡು ಅದರಲ್ಲೇ ವಾಪಸ್ ಹೇಳ್ಬೇಕು, ಹಾಗಾಗಿ ಸ್ಪೀಡ್ ಹತ್ರಹತ್ರ ಅರ್ಧ ಅಲ್ಲೇ ಹೋಗತ್ತೆ. ಆಕ್ಸೆಸ್ ಪಾಯಿಂಟ್ ಅಂದ್ರೆ ಕೇಬಲ್ ತುದೀಲಿ ಕೂತು ವೈಫೈ ಬಿಡೋ ಡಬ್ಬಿ, ಅದಕ್ಕೆ ಈ ತೊಂದ್ರೆ ಇಲ್ಲ, ಯಾಕಂದ್ರೆ ಅದು ರೂಟರ್ ಜೊತೆ ಮಾತಾಡೋದು ಕೇಬಲ್‌ನಲ್ಲಿ. ಅದಕ್ಕೇ ನಾನು ಯಾರು ಕೇಳಿದ್ರೂ ಹೇಳೋದು ಒಂದೇ, ಡಬ್ಬಿ ಯಾವುದು ಅಂತ ತಲೆ ಕೆಡಿಸ್ಕೊಳ್ಳೋಕೆ ಮುಂಚೆ ವೈರ್ ಎಲ್ಲಿಂದ ಎಲ್ಲಿಗೆ ಎಳೀಬಹುದು ಅಂತ ನೋಡಿ.

ಜಾಗ ಗೊತ್ತು ಮಾಡೋಕೆ ಫೋನಲ್ಲಿ ವೈಫೈ ಅನಲೈಸರ್ ಥರದ್ದೊಂದು ಆ್ಯಪ್ ಹಾಕ್ಕೊಂಡು ಮನೆ ಪೂರ್ತಿ ಓಡಾಡಿ. ಡಿಬಿಎಂ ಅಂತ ಮೈನಸ್‌ನಲ್ಲಿ ಒಂದು ನಂಬರ್ ತೋರಿಸತ್ತೆ. ಮೈನಸ್ 50 ಆಸುಪಾಸು ಇದ್ರೆ ತುಂಬಾ ಚೆನ್ನಾಗಿದೆ ಅಂತ, ಮೈನಸ್ 67ರವರೆಗೂ ವಿಡಿಯೋ ಕಾಲ್ ತಡ್ಕೊಳತ್ತೆ, ಮೈನಸ್ 80ಕ್ಕೆ ಇಳಿದ್ರೆ ವೈಫೈ ಹೆಸರು ಕಾಣತ್ತೆ ಅಷ್ಟೇ, ಕೆಲಸ ಆಗಲ್ಲ. ಹಾಗೇ ಸ್ಟೀಲ್ ಬೀರು ಹಿಂದೆ ಒಂದ್ಸಲ ನಿಂತ್ಕೊಂಡು ನೋಡಿ, ನಂಬರ್ ಹೇಗೆ ಬೀಳತ್ತೆ ಅಂತ ಕಣ್ಣಾರೆ ಗೊತ್ತಾಗತ್ತೆ. ದೊಡ್ಡ ಕನ್ನಡಿ, ನೀರಿನ ಟ್ಯಾಂಕ್ ಕೂಡ ಹಾಗೇ. ಮನೆ ವೈಫೈ ಸಾಮಾನ್ಯವಾಗಿ ಓಡೋದು 2.4 ಮತ್ತು 5 ಗಿಗಾಹರ್ಟ್ಸ್ ಅನ್ನೋ ಎರಡು ಬ್ಯಾಂಡಲ್ಲಿ, ಅದರಲ್ಲಿ 5 ಗಿಗಾಹರ್ಟ್ಸ್‌ಗಂತೂ ಗೋಡೆ ಅಂದ್ರೆ ಆಗಲ್ಲ. ನಿಮ್ಮ ಮನೇಲಾದ್ರೆ ಮಹಡಿ ಪ್ಯಾಸೇಜ್ ಸೀಲಿಂಗ್ ಒಳ್ಳೆ ಜಾಗ ಅನ್ಸತ್ತೆ, ಬಾಗಿಲುಗಳೆಲ್ಲ ಅಲ್ಲಿಗೇ ತೆರ್ಕೊಳ್ಳೋದ್ರಿಂದ.

ಕೇಬಲ್ ಕ್ಯಾಟ್5ಇ ಸಾಕು, ಗಿಗಾಬಿಟ್ ಸ್ಪೀಡು, ಅಂದ್ರೆ 1000 ಎಂಬಿಪಿಎಸ್, 100 ಮೀಟರ್‌ವರೆಗೂ ಹೋಗತ್ತೆ. ಪೈಪ್‌ನಲ್ಲಿ ಹೊಸದಾಗಿ ಎಳೆಸ್ತಿದ್ರೆ ಕ್ಯಾಟ್6 ಹಾಕ್ಸಿಬಿಡಿ, ಮತ್ತೆ ಮತ್ತೆ ಗೋಡೆ ಮುಟ್ಟೋ ಕೆಲಸ ಅಲ್ಲ ಅದು. ಆದ್ರೆ ಪೂರ್ತಿ ತಾಮ್ರದ್ದೇ ಕೇಳಿ ತಗೊಳ್ಳಿ, ಅಲ್ಯೂಮಿನಿಯಂ ಮೇಲೆ ತಾಮ್ರ ಲೇಪನ ಮಾಡಿರೋದೂ ಬರತ್ತೆ, ಅದರಲ್ಲಿ ಕರೆಂಟ್ ಕಳ್ಸೋದು ಒಳ್ಳೇದಲ್ಲ. ಕರೆಂಟ್ ಯಾಕೆ ಅಂದ್ರೆ, ಪಿಒಇ ಇರೋ ಆಕ್ಸೆಸ್ ಪಾಯಿಂಟ್‌ಗೆ ಡೇಟಾನೂ ಪವರ್ರೂ ಒಂದೇ ವೈರಲ್ಲಿ ಹೋಗತ್ತೆ, ಸೀಲಿಂಗ್ ಹತ್ರ ಪ್ಲಗ್ ಪಾಯಿಂಟ್ ಬೇಕಾಗಲ್ಲ, ರೂಟರ್ ಪಕ್ಕ ಒಂದು ಇಂಜೆಕ್ಟರ್ (ಕೇಬಲ್‌ಗೆ ಕರೆಂಟ್ ಸೇರಿಸೋ ಅಡಾಪ್ಟರ್) ಇಟ್ರೆ ಆಯ್ತು. 802.3ಎಎಫ್ ಅನ್ನೋದು ಸ್ಟ್ಯಾಂಡರ್ಡ್, ಅದು 15.4 ವ್ಯಾಟ್‌ವರೆಗೆ ಕೊಡತ್ತೆ. 24 ವೋಲ್ಟ್ ಪ್ಯಾಸಿವ್ (ಆ ಕಡೆ ಯಾವ ಸಾಧನ ಇದೆ ಅಂತ ನೋಡದೇ ಕರೆಂಟ್ ಕಳ್ಸೋದು) ಅನ್ನೋದು ಬೇರೆ, ಎರಡನ್ನೂ ದಯವಿಟ್ಟು ಬೆರೆಸ್ಬೇಡಿ, ಸಾಧನ ಸುಟ್ಟುಹೋಗಬಹುದು.

ಈಗ ಡಬ್ಬಿ ವಿಷಯ. ಎಎಕ್ಸ್3000 ಅಂತ ದಪ್ಪಗೆ ಬರೆದಿರ್ತಾರಲ್ಲ, ಅದು 2.4 ಗಿಗಾಹರ್ಟ್ಸ್‌ನ 574, 5 ಗಿಗಾಹರ್ಟ್ಸ್‌ನ 2402, ಎರಡೂ ಎಂಬಿಪಿಎಸ್‌ನಲ್ಲಿ, ಕೂಡ್ಸಿ ಹತ್ರಹತ್ರ 3000 ಅನ್ನೋ ಲೆಕ್ಕ. ಫೋನ್ ಸಾಮಾನ್ಯವಾಗಿ ಒಂದ್ಸಲಕ್ಕೆ ಒಂದೇ ಬ್ಯಾಂಡಲ್ಲಿರತ್ತೆ, ಮೇಲಾಗಿ ಆ 2402 ಬರೋದು 160 ಮೆಗಾಹರ್ಟ್ಸ್ ಅಗಲದ ಚಾನಲ್ (ಬ್ಯಾಂಡಿನೊಳಗಿನ ಒಂದು ಪಟ್ಟಿ) ಸಿಕ್ಕಾಗ ಮಾತ್ರ. ಆ ನಂಬರ್ ಬಿಟ್ಟು ಲ್ಯಾನ್ ಪೋರ್ಟ್ (ಮನೆಯೊಳಗಿನ ಕೇಬಲ್ ಸಿಕ್ಕಿಸೋ ಜಾಗ) ಗಿಗಾಬಿಟ್ ಇದ್ಯಾ ಅಂತ ನೋಡಿ, ಎಸಿ1200 ಅಂತ ಬರ್ಕೊಂಡು 100 ಎಂಬಿಪಿಎಸ್ ಪೋರ್ಟ್ ಕೊಟ್ಟಿರೋವೂ ಇವೆ, ಆಗ ವೈರೇ ಕುತ್ತಿಗೆ ಹಿಸುಕಿದ ಹಾಗೆ. ವೈಫೈ 6, ಎರಡು ಬ್ಯಾಂಡ್, ಡಬ್ಲ್ಯುಪಿಎ3 (ವೈಫೈ ಸೆಕ್ಯುರಿಟಿ ವಿಧಾನ) ಇದ್ರೆ ಮನೆಗೆ ಧಾರಾಳ ಸಾಕು.

ಹಳೇ ರೂಟರ್ ಬಳಸೋದಾದ್ರೆ ಅದನ್ನ ಮೊದ್ಲು ಲ್ಯಾಪ್‌ಟಾಪ್‌ಗೆ ಮಾತ್ರ ಸಿಕ್ಕಿಸಿ ಲಾಗಿನ್ ಆಗಿ. ಸೆಟ್ಟಿಂಗಲ್ಲಿ ಆಕ್ಸೆಸ್ ಪಾಯಿಂಟ್ ಮೋಡ್ ಇದ್ರೆ ಅದನ್ನ ಆರಿಸಿ, ಮುಗೀತು. ಇಲ್ದಿದ್ರೆ, ಮೇನ್ ರೂಟರ್ ಅಡ್ರೆಸ್ (ನೆಟ್‌ವರ್ಕಲ್ಲಿ ಅದರ ನಂಬರ್) 192.168.1.1 ಆಗಿದ್ರೆ ಇದಕ್ಕೆ 192.168.1.2 ಕೊಡಿ, ಆ ಅಡ್ರೆಸ್ ಮೇನ್ ರೂಟರ್ ಹಂಚೋ ಪಟ್ಟೀಲಿ ಇರಬಾರದು. ಆಮೇಲೆ ಡಿಎಚ್‌ಸಿಪಿ (ಫೋನ್, ಲ್ಯಾಪ್‌ಟಾಪ್‌ಗೆ ಅಡ್ರೆಸ್ ಹಂಚೋ ಕೆಲಸ) ಆಫ್ ಮಾಡಿ, ಕೇಬಲನ್ನ ಲ್ಯಾನ್‌ನಿಂದ ಲ್ಯಾನ್‌ಗೆ ಹಾಕಿ, ವ್ಯಾನ್ ಪೋರ್ಟ್ (ಹೊರಗಿನ ಇಂಟರ್ನೆಟ್ ಕೇಬಲ್ ಹಾಕೋದು) ಖಾಲಿ ಬಿಡಿ. ನಾನು ಒಂದ್ಸಲ ಡಿಎಚ್‌ಸಿಪಿ ಆಫ್ ಮಾಡೋದು ಮರೆತು ಇಡೀ ಮಧ್ಯಾಹ್ನ ಒದ್ದಾಡಿದೀನಿ, ಕೆಲವು ಫೋನ್‌ಗೆ ನೆಟ್ ಇತ್ತು ಕೆಲವಕ್ಕೆ ಇರಲಿಲ್ಲ, ಯಾಕಂದ್ರೆ ಹಳೇ ರೂಟರ್ ತಾನೇ ದಾರಿ ಅಂತ ಹೇಳಿ ಅಡ್ರೆಸ್ ಹಂಚ್ತಾ ಇತ್ತು, ಅದರ ಹಿಂದೆ ಇಂಟರ್ನೆಟ್ಟೇ ಇಲ್ಲ.

ವೈಫೈ ಹೆಸರು, ಪಾಸ್‌ವರ್ಡ್, ಸೆಕ್ಯುರಿಟಿ ಟೈಪ್ ಕೆಳಗಿನ ರೂಟರಿನದೇ ಇಡಿ, ಚಾನಲ್ ಮಾತ್ರ ಬೇರೆ. 2.4ರಲ್ಲಿ ಒಂದರ ಮೇಲೊಂದು ಬೀಳದೇ ಇರೋವು 1, 6, 11, ಕೆಳಗೆ 1 ಕೊಟ್ರೆ ಮೇಲೆ 6 ಇಲ್ಲಾ 11 ಕೊಡಿ, ಅಗಲ 20 ಮೆಗಾಹರ್ಟ್ಸ್. ಪವರ್ ಹೈ ಬೇಡ, ಮೀಡಿಯಂ ಇಡಿ. ಯಾವ ಪಾಯಿಂಟ್ ಬಿಟ್ಟು ಯಾವುದಕ್ಕೆ ಹೋಗ್ಬೇಕು ಅಂತ ತೀರ್ಮಾನ ಮಾಡೋದು ಫೋನು, ಎರಡೂ ಜೋರಾಗಿ ಕೂಗ್ತಿದ್ರೆ ಅದು ಕೆಳಗಿನದನ್ನೇ ಹಿಡ್ಕೊಂಡು ಮಹಡಿ ಹತ್ತಿಬಿಡತ್ತೆ. ಡಬ್ಲ್ಯುಪಿಎಸ್ (ಬಟನ್ ಇಲ್ಲಾ ಪಿನ್‌ನಿಂದ ವೈಫೈಗೆ ಸೇರಿಸೋ ಸೌಲಭ್ಯ) ಆಫ್ ಮಾಡಿ, ಅದರ ಪಿನ್ ಮುರಿಯೋದು ಸುಲಭ ಅಂತ 2011ರಲ್ಲೇ ಬಯಲಾಗಿದೆ.

ಪ್ರಶ್ನೆ: ನಮ್ದು ಬಾಡಿಗೆ ಮನೆ, ಗೋಡೆ ಕೊರೆಯೋ ಹಾಗಿಲ್ಲ. ಏನ್ ಮಾಡ್ಲಿ?

ಉತ್ತರ: ಬಾಗಿಲ ಚೌಕಟ್ಟಿನ ಅಂಚಲ್ಲಿ ಚಪ್ಪಟೆ ಕೇಬಲ್ ಅಂಟಿಸ್ಕೊಂಡು ಹೋಗೋಕಾಗತ್ತಾ ನೋಡಿ, ನನ್ನ ಮೊದಲ ಸಲಹೆ ಈಗ್ಲೂ ವೈರೇ. ಅದೂ ಆಗಲ್ಲ ಅಂದ್ರೆ ಮೂರು ಬ್ಯಾಂಡಿನ ಮೆಶ್ (ಸೇರಿ ಒಂದೇ ವೈಫೈ ಕೊಡೋ ಡಬ್ಬಿಗಳ ಸೆಟ್) ತಗೊಳ್ಳಿ, ಡಬ್ಬಿಗಳು ತಮ್ಮತಮ್ಮಲ್ಲಿ ಮಾತಾಡೋಕೆ ಒಂದು ಬ್ಯಾಂಡ್ ಬೇರೆ ಇಟ್ಕೊಂಡಿರೋ ಅಂಥದ್ದು. ಎರಡನೇ ಡಬ್ಬೀನ ಸಿಗ್ನಲ್ ಸತ್ತುಹೋಗಿರೋ ರೂಮಲ್ಲಿ ಇಡ್ಬೇಡಿ, ಅರ್ಧ ದಾರೀಲಿ, ಆ್ಯಪಲ್ಲಿ ಮೈನಸ್ 60ರ ಆಸುಪಾಸು ತೋರ್ಸೋ ಕಡೆ ಇಡಿ.