ಗ್ರಾನೈಟ್ ಕಟಿಂಗ್ ಶೆಡ್ಡಿಗೆ ಎನ್95 ಸಾಕಾ, ಫಿಲ್ಟರ್ ಹಾಕುವ ರಬ್ಬರ್ ಮಾಸ್ಕೇ ಬೇಕಾ?

ಆರು ಜನ, ಒಂದೇ ಶೆಡ್, ಆ್ಯಂಗಲ್ ಗ್ರೈಂಡರ್‌ನಲ್ಲಿ ಒಣ ಕಟಿಂಗ್, "ಯಾವ ಮಾಸ್ಕ್ ತರಿಸಲಿ?" ಅನ್ನೋದು ನಿಮ್ಮ ಪ್ರಶ್ನೆ. ನಾನು ಉಸ್ತುವಾರಿ ನೋಡಿಕೊಳ್ಳುತ್ತಿದ್ದ ಕಡೆಯೂ ಶುರುವಾಗಿದ್ದು ಇದೇ ಪ್ರಶ್ನೆಯಿಂದ. ಎನ್95 ಪೆಟ್ಟಿಗೆಗಟ್ಟಲೆ ಬಂತು, ಗೋಡೆಗೆ ಬೋರ್ಡೂ ಬಿತ್ತು, ಕಟಿಂಗ್ ಮಾತ್ರ ಒಣದ್ದೇ ಉಳಿಯಿತು. ಕೊನೆಗೆ ಸಿಲಿಕೋಸಿಸ್ (ಕಲ್ಲಿನ ಧೂಳಿನಲ್ಲಿರುವ ಸಿಲಿಕಾದಿಂದ ಶ್ವಾಸಕೋಶ ಗಟ್ಟಿಯಾಗುವ ಕಾಯಿಲೆ) ಕಾಣಿಸಿಕೊಂಡದ್ದು ಮಾಸ್ಕ್ ಹಾಕಿಕೊಂಡೇ ಕೆಲಸ ಮಾಡುತ್ತಿದ್ದ ಕಟರ್‌ಗೆ. ಅದಕ್ಕೇ ನೇರವಾಗಿ ಹೇಳ್ತೀನಿ: ನಿಮ್ಮ ಪ್ರಶ್ನೆಯೇ ತಲೆಕೆಳಗಾಗಿದೆ. ಮೊದಲು ನೀರಿನ ಮಾತು, ಆಮೇಲೆ ಮಾಸ್ಕಿನದು.

ಮಾಸ್ಕ್ ಇದ್ದೂ ಯಾಕೆ ಹಾಗಾಯಿತು ಅಂತ ಬಿಡಿಸಿ ಹೇಳಬೇಕು, ಯಾಕೆಂದರೆ ಎಲ್ಲರೂ ಎಡವುವುದು ಇಲ್ಲೇ. ಎನ್95 ಆಗಲಿ, ಪಿ100 ಫಿಲ್ಟರ್ ಹಾಕಿದ ಅರ್ಧಮುಖದ ರಬ್ಬರ್ ಮಾಸ್ಕ್ ಆಗಲಿ, ಸರಿಯಾಗಿ ಕೂತರೆ ಲೆಕ್ಕಕ್ಕೆ ಹಿಡಿಯುವ ರಕ್ಷಣೆ ಎರಡಕ್ಕೂ 10 ಪಟ್ಟು, ಅಂದರೆ ಒಳಹೋಗುವ ಧೂಳು ಹೊರಗಿನದರ ಹತ್ತನೇ ಒಂದು, ಅಷ್ಟೇ. ಫಿಲ್ಟರ್ ನೂರರಲ್ಲಿ 95 ಭಾಗ (ಎನ್95) ತಡೆಯುತ್ತೋ 99.97 ಭಾಗ (ಪಿ100) ತಡೆಯುತ್ತೋ ಅನ್ನೋದು ಆಮೇಲಿನ ವಿಷಯ. ಧೂಳು ನುಗ್ಗುವುದು ಮುಖಕ್ಕೂ ಮಾಸ್ಕಿಗೂ ನಡುವಿನ ಸಂದಿಯಿಂದ. ಈಗ 8 ಗಂಟೆ, ಅಂದರೆ 480 ನಿಮಿಷದ ಪಾಳಿ ತಗೊಳ್ಳಿ. ಅದರಲ್ಲಿ 48 ನಿಮಿಷ ಮಾಸ್ಕ್ ಗದ್ದಕ್ಕೆ ಇಳಿದಿದ್ದರೆ (ಫೋನ್ ಬಂತು, ಅಳತೆ ಕೂಗಬೇಕಾಯಿತು, ಬೆವರು ಒರೆಸಬೇಕಾಯಿತು) ಒಳಹೋಗುವ ಧೂಳು ಹತ್ತನೇ ಒಂದರ ಬದಲು ಹೆಚ್ಚುಕಡಿಮೆ ಐದನೇ ಒಂದು ಭಾಗ ಆಗುತ್ತದೆ. 10 ಪಟ್ಟಿನ ರಕ್ಷಣೆ 5 ಪಟ್ಟಿಗೆ ಬಂತು. ಸಿಲಿಕಾಗೆ ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಸ್ಥೆ ಓಶಾ ಇಟ್ಟಿರುವ ಮಿತಿ, 8 ಗಂಟೆಯ ಸರಾಸರಿಯಲ್ಲಿ, ಒಂದು ಘನ ಮೀಟರ್ ಗಾಳಿಗೆ 0.05 ಮಿಲಿಗ್ರಾಂ. ಶೆಡ್ಡಿನ ಗಾಳಿಯಲ್ಲಿ ಇದರ 20 ಪಟ್ಟು ಇದ್ದರೆ ಆ ಕಟರ್ ದಿನವಿಡೀ ಮಿತಿಯ ಸುಮಾರು 4 ಪಟ್ಟು ಕುಡಿಯುತ್ತಿದ್ದಾನೆ. ಮಾಸ್ಕನ್ನು ಒಂದು ನಿಮಿಷವೂ ತೆಗೆಯದವನಿಗೂ 2 ಪಟ್ಟು ತಪ್ಪಿದ್ದಲ್ಲ.

"ಗ್ರೈಂಡರ್ ನಿಲ್ಲಿಸಿದ ಮೇಲೆ ತಾನೇ ಮಾಸ್ಕ್ ತೆಗೆಯೋದು" ಅಂತೀರಿ. ಶ್ವಾಸಕೋಶದ ಆಳಕ್ಕೆ ಇಳಿಯುವ ಕಣ ಕಣ್ಣಿಗೆ ಕಾಣುವ ಬಿಳಿ ಪುಡಿಯಲ್ಲ. 2 ಮೈಕ್ರಾನಿನ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ಕಣ ಮೂಗಿನ ಎತ್ತರದಿಂದ ನೆಲ ಮುಟ್ಟಲು ಗಾಳಿ ಅಲ್ಲಾಡದಿದ್ದರೂ ಒಂದು ಗಂಟೆಗೂ ಮೇಲೆ ಬೇಕು. ಪಕ್ಕದಲ್ಲಿ ಇನ್ನೊಬ್ಬ ಕತ್ತರಿಸುತ್ತಲೇ ಇರುತ್ತಾನೆ. ಅದರ ಮೇಲೆ ಸೆಕೆ ಅಂತ ಒಂದು ಪೆಡಸ್ಟಲ್ ಫ್ಯಾನ್ ಇಟ್ಟರೆ ಒಬ್ಬನ ಧೂಳು ಆರೂ ಜನಕ್ಕೆ ಹಂಚಿಕೆ. ಆ ಫ್ಯಾನನ್ನು ಇವತ್ತೇ ತೆಗೆಸಿ.

ಯಾವ ಕಲ್ಲು ಅಂತ ನೀವು ಸರಿಯಾಗಿ ಬರೆದಿಲ್ಲ, "ಗ್ರಾನೈಟ್, ಕೆಲವೊಮ್ಮೆ ಕ್ವಾರ್ಟ್ಜ್ ಸ್ಲ್ಯಾಬ್" ಅಂದಿದ್ದೀರಿ. ಎರಡಕ್ಕೂ ಅಜಗಜಾಂತರ. ಗ್ರಾನೈಟಿನಲ್ಲಿ ಸ್ಫಟಿಕ ಸಿಲಿಕಾ ಸಾಮಾನ್ಯವಾಗಿ ಶೇ. 20ರಿಂದ 40ರ ಆಸುಪಾಸು. ರಾಳ ಬೆರೆಸಿ ಕಾರ್ಖಾನೆಯಲ್ಲಿ ಮಾಡುವ ಕ್ವಾರ್ಟ್ಜ್ ಸ್ಲ್ಯಾಬಿನಲ್ಲಿ ಶೇ. 90 ದಾಟುವುದೂ ಉಂಟು. ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಇದನ್ನು ನಿಷೇಧಿಸಿದ್ದು ಸುಮ್ಮನೆ ಅಲ್ಲ. ಕೈಲಾದರೆ ಆ ಆರ್ಡರ್‌ಗಳನ್ನೇ ಬಿಡಿ. ನೂರು ಮಾಸ್ಕ್ ಮಾಡದ ಕೆಲಸ ಅದೊಂದು ತೀರ್ಮಾನ ಮಾಡುತ್ತದೆ.

ಇನ್ನು ನೀರು. ಬಕೆಟ್‌ನಿಂದ ಆಗಾಗ ಚಿಮುಕಿಸುವುದು ನೀರಿನ ಕಟಿಂಗ್ ಅಲ್ಲ. ಬ್ಲೇಡು ಕಲ್ಲನ್ನು ಕಚ್ಚುವ ಜಾಗಕ್ಕೇ ನೀರು ಬೀಳಬೇಕು, ಕಟಿಂಗ್ ಶುರುವಾಗುವ ಮೊದಲೇ ಹರಿಯುತ್ತಿರಬೇಕು, ಬ್ಲೇಡಿನಿಂದ ಹೊರಬರುವುದು ತೆಳು ಕೆಸರಾಗಿರಬೇಕು. ಬಿಸಿಲಿಗೆ ಅಡ್ಡ ನಿಂತು ನೋಡಿದಾಗ ಹೊಗೆಯಂಥದ್ದು ಕಂಡರೆ ನೀರು ಸಾಲದು, ಇಲ್ಲವೇ ನಳಿಕೆ ಪಕ್ಕಕ್ಕೆ ತಿರುಗಿದೆ. ಆದರೆ ಈಗಿರುವ ಸಾದಾ ಗ್ರೈಂಡರ್‌ಗೇ ಪೈಪ್ ಕಟ್ಟಿಬಿಡಬೇಡಿ, ಶಾಕ್ ಹೊಡೆದು ಪ್ರಾಣ ಹೋಗುತ್ತದೆ. ನೀರಿನ ಕೆಲಸಕ್ಕೆಂದೇ ಮಾಡಿದ ಯಂತ್ರವೋ ಗಾಳಿಯ ಒತ್ತಡದಲ್ಲಿ ಓಡುವ ಗ್ರೈಂಡರೋ ಬೇಕು. ಕರೆಂಟಿನದಾದರೆ 30 ಮಿಲಿಆ್ಯಂಪಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಕಡಿದುಬಿಡುವ ಸ್ವಿಚ್) ಕಡ್ಡಾಯ, ಅದರ ಟೆಸ್ಟ್ ಬಟನ್ ಒತ್ತಿ ನೋಡುವುದೂ ಕಡ್ಡಾಯ. ವೈರು ಮೇಲಿನಿಂದ ಇಳಿಯಲಿ, ನೆಲದ ನೀರಿನಲ್ಲಿ ಹರಿದಾಡದಿರಲಿ. ಕೆಸರು ಒಣಗುವ ಮೊದಲೇ ಬಳಿದು ತೆಗೆಯಿರಿ. ಒಣಗಿದರೆ ಮತ್ತೆ ಅದೇ ಧೂಳು. ಪೊರಕೆಯಿಂದ ಒಣದಾಗಿ ಗುಡಿಸುವುದು, ಕಂಪ್ರೆಸರ್ ಗಾಳಿಯಿಂದ ಬಟ್ಟೆ ಕೊಡವಿಕೊಳ್ಳುವುದು, ಎರಡೂ ಬಂದ್.

ನೀರು ಆಗದ ಕಡೆ, ಅಂದರೆ ಅಳವಡಿಸಿದ ಸ್ಲ್ಯಾಬಿನಲ್ಲಿ ಸಿಂಕಿಗೆ ತೂತು ಕೊರೆಯುವಂಥ ಕಡೆ, ಬ್ಲೇಡಿಗೆ ಮುಚ್ಚಳದಂತೆ ಕೂರುವ ಧೂಳು ಹೀರುವ ಗಾರ್ಡ್ ಮತ್ತು ಅದಕ್ಕೆ ವ್ಯಾಕ್ಯೂಮ್. ಎಳೆತ ಎಷ್ಟಿರಬೇಕು ಅಂದರೆ ಚಕ್ರದ ವ್ಯಾಸದ ಪ್ರತಿ ಇಂಚಿಗೆ ನಿಮಿಷಕ್ಕೆ 25 ಘನ ಅಡಿ ಗಾಳಿ; 4 ಇಂಚಿನ ಚಕ್ರಕ್ಕೆ 100. ಫಿಲ್ಟರ್ ಶೇ. 99ಕ್ಕೆ ಕಡಿಮೆ ಇರಬಾರದು, ಜೊತೆಗೆ ಅದನ್ನು ತಾನೇ ಉದುರಿಸಿ ಶುಚಿ ಮಾಡಿಕೊಳ್ಳುವ ಏರ್ಪಾಟೋ ಮುಂದೆ ಗಾಳಿ ಸುತ್ತಿಸಿ ದಪ್ಪ ಧೂಳನ್ನು ಬೇರ್ಪಡಿಸುವ ಒಂದು ಸೈಕ್ಲೋನ್ ಡಬ್ಬಿಯೋ ಇರಬೇಕು. ಮನೆಯ ವ್ಯಾಕ್ಯೂಮ್ ಕ್ಲೀನರ್ ತಂದರೆ ಸಣ್ಣ ಧೂಳೆಲ್ಲ ಹಿಂದಿನಿಂದ ಹೊರಬರುತ್ತದೆ.

ಇಷ್ಟಾದ ಮೇಲೆ ಮಾಸ್ಕ್. ಗಡ್ಡ ಬೋಳಿಸಲು ಒಪ್ಪುವವರಿಗೆ ಪಿ100 ಹಾಕಿದ ಅರ್ಧಮುಖದ ರಬ್ಬರ್ ಮಾಸ್ಕ್ ಕೊಡಿ. ರಕ್ಷಣೆಯ ಲೆಕ್ಕ ಎನ್95ರಷ್ಟೇ ಆದರೂ ಒದ್ದೆ ಕೆಲಸದಲ್ಲಿ ಎನ್95 ನೆನೆದು ಮೆತ್ತಗಾಗುತ್ತದೆ, ಇದು ಆಕಾರ ಬಿಡುವುದಿಲ್ಲ. ಕುರುಚಲು ಗಡ್ಡ ಇದ್ದರೂ ಸಂದಿ ಬೀಳುತ್ತದೆ. ಗಡ್ಡ ತೆಗೆಯದವರಿಗೆ ಬ್ಯಾಟರಿ ಬ್ಲೋವರ್ ಇರುವ ಸಡಿಲ ಹುಡ್ ಬೇಕು, ಅದಕ್ಕೆ 25 ಪಟ್ಟು ಲೆಕ್ಕ. ಪ್ರತಿ ಸಲ ಹಾಕಿದಾಗಲೂ ಉಸಿರು ಬಿಡುವ ಕವಾಟವನ್ನು ಅಂಗೈಯಲ್ಲಿ ಮುಚ್ಚಿ ಮೆಲ್ಲಗೆ ಊದಬೇಕು: ಮಾಸ್ಕ್ ಸ್ವಲ್ಪ ಉಬ್ಬಿ ನಿಲ್ಲಬೇಕು, ಮೂಗಿನ ಪಕ್ಕ ಗಾಳಿ ತಾಗಬಾರದು. ಒಂದೇ ಸೈಜ್ ಆರೂ ಜನಕ್ಕೆ ತರಿಸಬೇಡಿ. ಕಪ್ಪು ಕಾರ್ಟ್ರಿಡ್ಜ್ ನೋಡಿ ಇದೇ ಗಟ್ಟಿ ಅಂತ ಕೊಳ್ಳುವವರಿದ್ದಾರೆ; ಅದು ಥಿನ್ನರ್‌ನಂಥ ಆವಿಗೆ, ಧೂಳಿನ ಫಿಲ್ಟರ್ ಸೇರಿರದಿದ್ದರೆ ಸಿಲಿಕಾ ಹಿಡಿಯುವುದಿಲ್ಲ. ಕಣ್ಣಿಗೆ ಸುತ್ತ ಮುಚ್ಚುವ ಗಾಗಲ್ಸ್, ಕಿವಿಗೆ ಪ್ಲಗ್, ಕಾಲಿಗೆ ಜಾರದ ಸೇಫ್ಟಿ ಬೂಟು ಹೇಗೂ ಇರಲಿ.

ಇಷ್ಟು ದಿನ ಒಣದರಲ್ಲಿ ಕತ್ತರಿಸಿದವರಿಗೆ ಎದೆಯ ಎಕ್ಸ್‌ರೇ, ಸ್ಪೈರೋಮೆಟ್ರಿ (ಊದಿಸಿ ಶ್ವಾಸಕೋಶದ ಶಕ್ತಿ ಅಳೆಯುವ ಪರೀಕ್ಷೆ) ಎರಡನ್ನೂ ಈಗಲೇ ಮಾಡಿಸಿ. ಕೆಮ್ಮಿಲ್ಲ ಅಂತ ಮುಂದೂಡಬೇಡಿ, ಧೂಳು ನಿಂತ ಮೇಲೂ ಈ ಕಾಯಿಲೆ ಬೆಳೆಯಬಲ್ಲದು. ಡಾಕ್ಟರ ಹತ್ತಿರ "ಕಲ್ಲು ಕಟಿಂಗ್ ಕೆಲಸ, ಇಷ್ಟು ವರ್ಷ" ಅಂತ ಅವರು ಕೇಳದಿದ್ದರೂ ಹೇಳಲಿ. ಎಕ್ಸ್‌ರೇಯಲ್ಲಿ ಇದು ಟಿಬಿಯಂತೆ ಕಾಣುವುದುಂಟು, ಸಿಲಿಕೋಸಿಸ್ ಇದ್ದವರಿಗೆ ಟಿಬಿ ತಗಲುವ ಅಪಾಯವೂ ಜಾಸ್ತಿ, ಹಾಗಾಗಿ ಎರಡನ್ನೂ ಪರೀಕ್ಷಿಸಬೇಕಾಗುತ್ತದೆ.